ಅಡುಗೆಯವರಿಗೆ ಅಕ್ಕಿ ಸಾಕು, ಉಗ್ರಾಣದ ಬೀಗದ ಕೈ ಬೇಡ

ಜಪಾನಿನ ಟೊಯೋಟಾ ಕಂಪನಿ 2022ರ ಅಕ್ಟೋಬರ್‌ನಲ್ಲಿ ತನ್ನ ಗ್ರಾಹಕರ ಕ್ಷಮೆ ಕೇಳಿತು. ಕಾರಿಗೂ ಮೊಬೈಲಿಗೂ ನಂಟು ಕಲ್ಪಿಸುವ ಅದರ ಟಿ-ಕನೆಕ್ಟ್ ಸೇವೆಯ ವೆಬ್‌ಸೈಟ್ ಕಟ್ಟಿಕೊಟ್ಟ ಉಪಗುತ್ತಿಗೆದಾರರು 2017ರ ಡಿಸೆಂಬರ್‌ನಲ್ಲಿ ಆ ಕೋಡಿನ ಒಂದು ಭಾಗವನ್ನು ಕೋಡು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟಿದ್ದರು. ಬರೀ ಕೋಡು ಕಂಡಿದ್ದರೆ ಅಂಥ ಅನಾಹುತವೇನೂ ಆಗುತ್ತಿರಲಿಲ್ಲ. ಆದರೆ ಗ್ರಾಹಕರ ಮಾಹಿತಿ ಇಟ್ಟಿದ್ದ ಸರ್ವರಿನ ಕೀಲಿಯೂ ಅದೇ ಕೋಡಿನ ಸಾಲುಗಳ ನಡುವೆ ಇತ್ತು. ಸುಮಾರು ಐದು ವರ್ಷ ಅದು ಹಾಗೇ ಬಿದ್ದಿತ್ತು. 2,96,019 ಗ್ರಾಹಕರ ಇಮೇಲ್ ವಿಳಾಸಗಳು ಸೋರಿರಬಹುದು ಎಂದು ಕಂಪನಿ ಹೇಳಿತು. ಸೋರಿವೆ ಎನ್ನಲು ಪುರಾವೆ ಸಿಗಲಿಲ್ಲ, ಸೋರಿಲ್ಲ ಎಂದು ಖಚಿತವಾಗಿ ಹೇಳುವಷ್ಟು ಧೈರ್ಯವೂ ಇರಲಿಲ್ಲ. ಇದರಲ್ಲಿ ಚಾಣಾಕ್ಷ ಹ್ಯಾಕರ್ ಯಾರೂ ಇಲ್ಲ. ಕೀಲಿಯನ್ನು ಕೋಡಿನೊಳಗೆ ಬರೆದಿಟ್ಟ ಒಂದು ಸಾಲು, ಆ ಕೋಡು ಹೋಗಬಾರದ ಕಡೆಗೆ ಹೋದ ಒಂದು ಗಳಿಗೆ, ಇಷ್ಟೇ.

ಇದು ಒಂದು ಕಂಪನಿಯ ಅಜಾಗರೂಕತೆ ಎಂದು ಪಕ್ಕಕ್ಕಿಡುವಂತಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಿಟ್‌ಹಬ್‌ನ ಒಂದು ಲಕ್ಷಕ್ಕೂ ಹೆಚ್ಚು ರಿಪಾಸಿಟರಿಗಳಲ್ಲಿ, ಅಂದರೆ ಕೋಡಿನ ಕಣಜಗಳಲ್ಲಿ, ಇಂಥ ಕೀಲಿಗಳು ಸಿಕ್ಕವು. ದಿನವೂ ಸಾವಿರಗಟ್ಟಲೆ ಹೊಸವು ಸೇರುತ್ತಿದ್ದವು. ಸೋರಿಕೆಗಳನ್ನು ಹುಡುಕುವುದೇ ಕಸುಬಾಗಿರುವ ಗಿಟ್‌ಗಾರ್ಡಿಯನ್ ಸಂಸ್ಥೆ 2023ರ ಒಂದೇ ವರ್ಷದಲ್ಲಿ ಲೆಕ್ಕ ಹಾಕಿದ್ದು 1 ಕೋಟಿ 28 ಲಕ್ಷ. ‘ನಮ್ಮ ರಿಪಾಸಿಟರಿ ಖಾಸಗಿ, ಹೊರಗಿನವರಿಗೆ ಕಾಣುವುದಿಲ್ಲ’ ಎನ್ನುವವರು ಊಬರ್ ಪ್ರಕರಣ ನೋಡಬೇಕು. 2016ರಲ್ಲಿ ಕಳ್ಳರು ನುಗ್ಗಿದ್ದು ಅದರ ಖಾಸಗಿ ರಿಪಾಸಿಟರಿಗೇ. ಅಲ್ಲಿನ ಕೋಡಿನಲ್ಲಿ ಅಮೆಜಾನ್ ಕ್ಲೌಡಿನ ಕೀಲಿ ಸಿಕ್ಕಿತು, ಅದನ್ನು ಹಿಡಿದು 5.7 ಕೋಟಿ ಪ್ರಯಾಣಿಕರ ಮತ್ತು ಚಾಲಕರ ಮಾಹಿತಿ ಎತ್ತಿಕೊಂಡು ಹೋದರು. ಒಂದು ವರ್ಷ ಮುಚ್ಚಿಟ್ಟ ತಪ್ಪೂ ಸೇರಿ, 2018ರಲ್ಲಿ ಅಮೆರಿಕದ ರಾಜ್ಯಗಳಿಗೆಲ್ಲ ಕಂಪನಿ 14.8 ಕೋಟಿ ಡಾಲರ್ ತೆರಬೇಕಾಯಿತು.

ಈ ಸಾಲನ್ನು ಬರೆಯುವವರು ದಡ್ಡರಲ್ಲ. ಹಾಗಿದ್ದೂ ಯಾಕೆ ಬರೆಯುತ್ತಾರೆ? ಹಳ್ಳಿಯೊಂದರ ಹಾಲು ಉತ್ಪಾದಕರ ಸಂಘದ ಲೆಕ್ಕದ ಸಾಫ್ಟ್‌ವೇರ್ ಇದೆ ಎಂದುಕೊಳ್ಳೋಣ. ಬೆಳಿಗ್ಗೆ ಸಂಜೆ ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು ಎಂದು ದಾಖಲಿಸುವುದು ಅದರ ಒಂದು ಭಾಗ. ಬಟವಾಡೆ ಲೆಕ್ಕ ಹಾಕಿ ಸದಸ್ಯರ ಖಾತೆಗೆ ಹಣ ಹೋಗುವಂತೆ ಮಾಡುವುದು ಇನ್ನೊಂದು. ಅವರ ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸುವುದು ಮತ್ತೊಂದು, ತಿಂಗಳ ವರದಿ ತೆಗೆಯುವುದು ಮಗದೊಂದು. ಎಲ್ಲಕ್ಕೂ ಬೇಕಾದದ್ದು ಒಂದೇ ಡೇಟಾಬೇಸ್. ಎಸ್ಸೆಮ್ಮೆಸ್ ಭಾಗ ಬರೆಯುತ್ತಿರುವವರು ಕೆಲಸ ಬೇಗ ಓಡಲಿ ಎಂದು ಮೊದಲ ಮೂರು ಸಾಲಿನಲ್ಲೇ ಸರ್ವರಿನ ವಿಳಾಸ, ಯೂಸರ್‌ನೇಮ್ ‘ಅಡ್ಮಿನ್’, ಪಾಸ್‌ವರ್ಡ್ ‘ಹಾಲು@123’ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ಓಡಿತು. ಆಮೇಲೆ ಸರಿ ಮಾಡೋಣ ಎಂದುಕೊಂಡದ್ದು ಅಲ್ಲೇ ನಿಂತಿತು. ವರದಿ ಮತ್ತು ಉಳಿದ ಭಾಗಗಳನ್ನು ಬರೆಯುವವರು ಬಂದಾಗ ಆ ಮೂರು ಸಾಲನ್ನೇ ನಕಲು ಮಾಡಿ ತಮ್ಮ ಭಾಗದ ತಲೆಯ ಮೇಲೆ ಅಂಟಿಸಿಕೊಂಡರು. ಈಗ ಅದೇ ಪಾಸ್‌ವರ್ಡ್ ನಾಲ್ಕು ಕಡೆ ಇದೆ, ಕೋಡು ಇಳಿಸಿಕೊಂಡ ಪ್ರತಿ ಲ್ಯಾಪ್‌ಟಾಪಿನಲ್ಲೂ ಇದೆ, ಕೆಲಸ ಬಿಟ್ಟುಹೋದವರ ಹಳೆಯ ಫೋಲ್ಡರಿನಲ್ಲೂ ಇದೆ. ಅದನ್ನು ಬದಲಿಸಬೇಕೆಂದರೆ ನಾಲ್ಕೂ ಕಡೆ ತಿದ್ದಿ ಸಾಫ್ಟ್‌ವೇರನ್ನೇ ಹೊಸದಾಗಿ ಕಳಿಸಬೇಕು. ಹಾಗಾಗಿ ಯಾರೂ ಬದಲಿಸುವುದಿಲ್ಲ.

ಇದಕ್ಕೆ ಸಾಫ್ಟ್‌ವೇರ್ ಲೋಕ ಕಂಡುಕೊಂಡ ಮದ್ದಿನ ಹೆಸರು ಡಿಪೆಂಡೆನ್ಸಿ ಇಂಜೆಕ್ಷನ್. ಹೆಸರು ಕೇಳಿದರೆ ಸೂಜಿ ನೆನಪಾಗುತ್ತದೆ; ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ದಾಳಿಯ ಹೆಸರು ಕೇಳಿದವರಿಗಂತೂ ಗಾಬರಿಯೇ ಆಗಬಹುದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಷ್ಟು ಸರಳವಾದ ವಿಚಾರಕ್ಕೆ ಇಷ್ಟು ಭಾರಿ ಹೆಸರು ಬೇಕಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಭಾಗಕ್ಕೆ ಕೆಲಸ ಮಾಡಲು ಏನೇನು ಬೇಕೋ ಅದನ್ನು ಅದು ತಾನೇ ಹೋಗಿ ಹುಡುಕಿ ತಂದುಕೊಳ್ಳಬಾರದು, ಹೊರಗಿನವರು ಅದರ ಕೈಗೆ ಕೊಡಬೇಕು. ಅಷ್ಟೇ ವಿಷಯ. ರಾಡ್ ಜಾನ್ಸನ್ 2002ರಲ್ಲಿ ಬರೆದ ಪುಸ್ತಕದ ಜೊತೆಗಿದ್ದ ಕೋಡು ಬೆಳೆದು, ಈ ಪದ್ಧತಿಯ ಮೇಲೇ ನಿಂತ ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್ ಆಯಿತು. ಅದರ ಮೊದಲ ಪೂರ್ಣ ಆವೃತ್ತಿ ಬಂದದ್ದು 2004ರ ಮಾರ್ಚ್‌ನಲ್ಲಿ. ಅದೇ ವರ್ಷದ ಜನವರಿಯಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನವೊಂದರಿಂದ ಈ ಹೆಸರು ಬಳಕೆಗೆ ಬಂತು.

ನಮ್ಮ ಮದುವೆ ಮನೆಗಳಿಗೆ ಇದು ಹೊಸ ವಿಚಾರವೇ ಅಲ್ಲ. ಅಡುಗೆ ಭಟ್ಟರಿಗೆ ಉಗ್ರಾಣದ ಬೀಗದ ಕೈ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಉಗ್ರಾಣಕ್ಕೆ ಮನೆಯವರೇ ಒಬ್ಬರು ನಿಲ್ಲುತ್ತಾರೆ. ಹುಳಿಗೆ ಇಷ್ಟು ಬೇಳೆ, ಪಾಯಸಕ್ಕೆ ಇಷ್ಟು ಬೆಲ್ಲ ಎಂದು ಭಟ್ಟರು ಪಟ್ಟಿ ಕೊಡುತ್ತಾರೆ, ಉಗ್ರಾಣದವರು ಅಳೆದು ಕೊಡುತ್ತಾರೆ. ಭಟ್ಟರ ಮೇಲೆ ಅಪನಂಬಿಕೆ ಅಂತಲ್ಲ. ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಎಲ್ಲರಿಗೂ ಗೊತ್ತಿರಬೇಕು, ಅದು ಒಬ್ಬರ ಹತ್ತಿರವೇ ಇರಬೇಕು ಎಂಬ ವ್ಯವಹಾರಜ್ಞಾನ. ಕೋಡಿನಲ್ಲಿ ಆ ಪಟ್ಟಿಯ ಕೆಲಸ ಮಾಡುವುದು ಕನ್‌ಸ್ಟ್ರಕ್ಟರ್. ಎಸ್ಸೆಮ್ಮೆಸ್ ಭಾಗ ‘ನನ್ನನ್ನು ಹುಟ್ಟಿಸುವಾಗ ಇದನ್ನು ಕೊಡಿ’ ಎಂದು ತನ್ನ ಕನ್‌ಸ್ಟ್ರಕ್ಟರಿನಲ್ಲಿ ಬರೆದುಕೊಂಡಿರುತ್ತದೆ. ಪ್ರೋಗ್ರಾಮ್ ಶುರುವಾಗುವ ಜಾಗದಲ್ಲಿ, ಭಾಗಗಳನ್ನೆಲ್ಲ ಜೋಡಿಸುವ ಒಂದೇ ಕಡೆ, ಯಾರಿಗೆ ಏನು ಎಂದು ಹಂಚಲಾಗುತ್ತದೆ. ಪಾಸ್‌ವರ್ಡ್ ಗೊತ್ತಿರುವುದು ಆ ಒಂದು ಜಾಗಕ್ಕೆ ಮಾತ್ರ.

ಬಹಳ ಜನ ಎಡವುವುದು ಇಲ್ಲಿಯೇ. ಡಿಪೆಂಡೆನ್ಸಿ ಇಂಜೆಕ್ಷನ್ ಬಳಸುತ್ತೇವೆ ಎಂದು ಹೇಳಿಕೊಳ್ಳುವ ಎಷ್ಟೋ ಕೋಡಿನಲ್ಲಿ ಕನ್‌ಸ್ಟ್ರಕ್ಟರ್ ಬಿಚ್ಚಿ ನೋಡಿದರೆ ಒಳಗೆ ಬರುತ್ತಿರುವುದು ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಎಂಬ ಎರಡು ಬಿಡಿ ಪಠ್ಯ. ಕೋಡಿನಲ್ಲಿ ಬರೆದಿಡುವುದಕ್ಕಿಂತ ಇದು ವಾಸಿ, ನಿಜ. ಆದರೆ ಉಗ್ರಾಣದವರು ಬೇಳೆ ಅಳೆಯುವ ಬದಲು ಬೀಗದ ಕೈಯನ್ನೇ ಮರ್ಯಾದೆಯಿಂದ ಭಟ್ಟರ ಕೈಗಿಟ್ಟ ಹಾಗೆ ಆಯಿತು. ಎಸ್ಸೆಮ್ಮೆಸ್ ಭಾಗಕ್ಕೆ ಬೇಕಾದದ್ದು ಪಾಸ್‌ವರ್ಡ್ ಅಲ್ಲ, ಸದಸ್ಯರ ಮೊಬೈಲ್ ನಂಬರ್. ಅದನ್ನು ಕೊಡಬಲ್ಲ, ಮೊದಲೇ ಲಾಗಿನ್ ಆಗಿರುವ ಒಂದು ಸಂಪರ್ಕವನ್ನು ಕೊಟ್ಟರೆ ಸಾಕು. ಇನ್ನೂ ಚೆನ್ನಾಗಿ ಮಾಡುವುದಾದರೆ ‘ಸದಸ್ಯರ ಸಂಖ್ಯೆ ಹೇಳು, ಮೊಬೈಲ್ ನಂಬರ್ ಕೊಡುತ್ತೇನೆ’ ಎನ್ನುವ ಒಂದು ಸಣ್ಣ ವಸ್ತುವನ್ನಷ್ಟೇ ಕೊಡಬಹುದು. ಹಿಂದೆ ಡೇಟಾಬೇಸ್ ಇದೆಯೋ ಕಾಗದದ ಪುಸ್ತಕ ಇದೆಯೋ ಎಸ್ಸೆಮ್ಮೆಸ್ ಭಾಗಕ್ಕೆ ಗೊತ್ತೇ ಆಗಬೇಕಿಲ್ಲ. ಪಾಸ್‌ವರ್ಡನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಇಂಜೆಕ್ಷನ್ನಿನ ನಿಜವಾದ ಉಪಯೋಗ ಅಲ್ಲ. ಪಾಸ್‌ವರ್ಡ್ ಬೇಕಿಲ್ಲದವರಿಗೆ ಅದು ಸಿಗದಂತೆ ನೋಡಿಕೊಳ್ಳುವುದು ಅದರ ಉಪಯೋಗ.

ಇದರಿಂದ ಸಿಗುವ ಮೊದಲ ಲಾಭ ಸೋರಿಕೆಯದ್ದೇ. ಪಾಸ್‌ವರ್ಡ್‌ಗಳು ಕಳ್ಳರಿಂದ ಮಾತ್ರವಲ್ಲ, ನಮ್ಮ ಲಾಗ್ ಫೈಲುಗಳ ಮೂಲಕವೂ ಹೊರಬರುತ್ತವೆ. ಏನೋ ಕೆಟ್ಟಿತು, ಕಾರಣ ತಿಳಿಯಲಿ ಎಂದು ಆ ಭಾಗದ ಎಲ್ಲ ವಿವರಗಳನ್ನೂ ಲಾಗ್‌ಗೆ ಬರೆಸುತ್ತಾರೆ. ವಿವರಗಳ ಜೊತೆ ಪಾಸ್‌ವರ್ಡೂ ಹೋಗುತ್ತದೆ. ಆ ಲಾಗನ್ನು ಸಹಾಯ ಕೇಳಲು ಇನ್ನೊಂದು ಕಂಪನಿಗೆ ಕಳಿಸುತ್ತಾರೆ. ತನ್ನಲ್ಲಿ ಇಲ್ಲದ್ದನ್ನು ಯಾವ ಭಾಗವೂ ಲಾಗ್‌ಗೆ ಬರೆಯಲಾರದು. ಎರಡನೆಯದು ಪರೀಕ್ಷೆ. ಬಟವಾಡೆ ಲೆಕ್ಕ ಸರಿಯಿದೆಯೇ ಎಂದು ನೋಡಲು ನಿಜವಾದ ಡೇಟಾಬೇಸ್ ಬೇಕಿಲ್ಲ, ಹತ್ತು ಜನ ಕಾಲ್ಪನಿಕ ಸದಸ್ಯರಿರುವ ನಕಲಿ ಡೇಟಾಬೇಸನ್ನು ಕೈಗೆ ಕೊಟ್ಟರೆ ಸಾಕು. ಹೊರಗಿನಿಂದ ಕೊಡುವ ಪದ್ಧತಿ ಇರುವಾಗ ಯಾವುದನ್ನು ಕೊಟ್ಟರೂ ಆ ಭಾಗಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಬೆಂಗಳೂರಿನಂಥ ಊರಿಗೆ ಇದು ಸಣ್ಣ ಮಾತಲ್ಲ. ಇಲ್ಲಿ ಬರೆಯುವ ಕೋಡಿನ ಬಹುಪಾಲು ಬೇರೆಯವರದ್ದು, ಬೇರೆ ದೇಶದ್ದು. ಗುತ್ತಿಗೆಯ ಮೇಲೆ ಬಂದು ಆರು ತಿಂಗಳಿಗೆ ಹೋಗುವವರೂ ಅದರ ಮೇಲೆ ಕೆಲಸ ಮಾಡುತ್ತಾರೆ. ಸೇರಿದ ಮೊದಲ ದಿನ ಕೋಡು ಕೈಗೆ ಬರಲೇಬೇಕು. ಕೋಡಿನ ಜೊತೆ ಗ್ರಾಹಕರ ಡೇಟಾಬೇಸಿನ ಕೀಲಿಯೂ ಬರಬೇಕೇ? ಟೊಯೋಟಾ ಪ್ರಕರಣದಲ್ಲಿ ಕೋಡು ಸೋರಿದ್ದು ಉಪಗುತ್ತಿಗೆದಾರರ ಕೈಯಿಂದ ಎಂಬುದನ್ನು ಇಲ್ಲಿ ನೆನೆಯಬೇಕು.

ಮೂರನೆಯ ಲಾಭ ಎಲ್ಲಕ್ಕಿಂತ ದೊಡ್ಡದು, ಅದರ ಬಗ್ಗೆ ಮಾತು ಮಾತ್ರ ಕಡಿಮೆ. ಹಂಚುವ ಜಾಗ ಒಂದೇ ಆದಾಗ ಬೇರೆಬೇರೆಯವರಿಗೆ ಬೇರೆಬೇರೆ ಅಧಿಕಾರದ ಸಂಪರ್ಕ ಕೊಡುವುದು ಸುಲಭ. ಎಸ್ಸೆಮ್ಮೆಸ್ ಭಾಗಕ್ಕೆ ಓದಲು ಮಾತ್ರ ಬಿಡುವ ಡೇಟಾಬೇಸ್ ಯೂಸರ್, ಅದೂ ಒಂದೇ ಕೋಷ್ಟಕಕ್ಕೆ. ಬಟವಾಡೆ ಭಾಗಕ್ಕೆ ಬರೆಯಲೂ ಬಿಡುವ ಇನ್ನೊಂದು ಯೂಸರ್. ವರದಿ ತೆಗೆಯುವುದರಲ್ಲಿ ತಪ್ಪಾದರೂ ಯಾರ ಖಾತೆಯ ಹಣವೂ ಅಳಿಸಿಹೋಗುವುದಿಲ್ಲ. ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಷ್ಟು ಹಿಂದೆಯೇ ಇದನ್ನು ಬರೆದಿದ್ದರು: ಪ್ರತಿ ಪ್ರೋಗ್ರಾಮಿಗೂ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಬೇಕು. ಐವತ್ತು ವರ್ಷ ಕಳೆದರೂ ಯಾಕೆ ಪಾಲಿಸುತ್ತಿಲ್ಲ ಎಂದರೆ, ಮೂರು ಸಾಲನ್ನು ನಕಲು ಮಾಡಿ ಅಂಟಿಸುವವರಿಗೆ ಪ್ರತ್ಯೇಕ ಯೂಸರ್ ಮಾಡಿಕೊಳ್ಳುವ ತಾಳ್ಮೆ ಇರುವುದಿಲ್ಲ. ಊಬರ್ ವಿಷಯದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಬೊಟ್ಟು ಮಾಡಿದ್ದೂ ಇದನ್ನೇ. 2016ಕ್ಕೆ ಮುಂಚೆ, 2014ರಲ್ಲೂ ಅದರ ಎಂಜಿನಿಯರ್ ಒಬ್ಬರು ಕೀಲಿಯನ್ನು ಗಿಟ್‌ಹಬ್‌ನಲ್ಲಿ ಬಹಿರಂಗವಾಗಿ ಹಾಕಿ ಮಾಹಿತಿ ಸೋರಿತ್ತು. ಆಗ ಅಲ್ಲಿನ ಪ್ರೋಗ್ರಾಮುಗಳೂ ಎಂಜಿನಿಯರುಗಳೂ ಎಲ್ಲ ಅಧಿಕಾರವಿರುವ ಒಂದೇ ಕೀಲಿಯನ್ನು ಹಂಚಿಕೊಂಡು ಬಳಸುತ್ತಿದ್ದರು ಎಂದು ಕಮಿಷನ್ ದಾಖಲಿಸಿದೆ.

ಈಗ ಆಕ್ಷೇಪಗಳಿಗೆ ಬರೋಣ. ‘ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಟ್ಟರೆ ಸಾಲದೇ? ಇಷ್ಟೆಲ್ಲ ಯಾಕೆ?’ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಪ್ರೋಗ್ರಾಮ್ ಶುರುವಾಗುವಾಗ ಆಪರೇಟಿಂಗ್ ಸಿಸ್ಟಮ್ ಅದಕ್ಕೆ ಒಪ್ಪಿಸುವ ಹೆಸರು-ಬೆಲೆಗಳ ಚೀಟಿ ಅದು. ಹೆರೋಕು ಕಂಪನಿಯ ಆಡಮ್ ವಿಗಿನ್ಸ್ 2011ರ ಸುಮಾರಿಗೆ ಬರೆದ ಹನ್ನೆರಡು ಸೂತ್ರಗಳಲ್ಲಿ ಇದನ್ನು ಬಲವಾಗಿ ಶಿಫಾರಸು ಮಾಡಿದರು. ನಿಮ್ಮ ಕೋಡನ್ನು ಈ ಗಳಿಗೆಯಲ್ಲಿ ಜಗತ್ತಿಗೆಲ್ಲ ತೆರೆದಿಟ್ಟರೆ ಯಾವ ಕೀಲಿಯಾದರೂ ಹೊರಬೀಳುತ್ತದೆಯೇ ಎಂಬ ಅವರ ಪರೀಕ್ಷೆಯಂತೂ ಇವತ್ತಿಗೂ ಸರಿ. ಮೊದಲ ಹೆಜ್ಜೆಯಾಗಿ ನಾನೂ ಅದನ್ನು ಒಪ್ಪುತ್ತೇನೆ. ತೊಂದರೆ ಏನೆಂದರೆ ಆ ಚೀಟಿಯನ್ನು ಪ್ರೋಗ್ರಾಮಿನೊಳಗಿನ ಯಾರು ಬೇಕಾದರೂ ಓದಬಹುದು, ಎಲ್ಲಿಂದಲೋ ತಂದು ಸೇರಿಸಿಕೊಂಡ ಲೈಬ್ರರಿ ಕೂಡ. 2021ರ ಡಿಸೆಂಬರ್‌ನಲ್ಲಿ ಬಯಲಾದ ಲಾಗ್‌ಫೋರ್‌ಶೆಲ್ ದೋಷ ಇದನ್ನು ತೋರಿಸಿಕೊಟ್ಟಿತು. ಲಾಗ್ ಬರೆಯುವುದಷ್ಟೇ ಕೆಲಸವಾಗಿದ್ದ ಲೈಬ್ರರಿಗೆ ಒಂದು ವಿಚಿತ್ರ ಸಾಲನ್ನು ಬರೆಯಲು ಕೊಟ್ಟರೆ ಅದು ಚೀಟಿಯಲ್ಲಿದ್ದ ಅಮೆಜಾನ್ ಕೀಲಿಯನ್ನು ಓದಿ ಹೊರಗಿನ ವಿಳಾಸಕ್ಕೆ ಸಾಗಿಸುವಂತೆ ಮಾಡಬಹುದಿತ್ತು. ದಾಳಿಕೋರರು ಅದನ್ನೇ ಪ್ರಯತ್ನಿಸಿದರು. ಹಾಗಾಗಿ ಚೀಟಿ ಇರಲಿ, ಅದನ್ನು ಜೋಡಣೆಯ ಜಾಗವೊಂದೇ ಓದಲಿ. ಸಾಧ್ಯವಾದ ಕಡೆ ಚೀಟಿಯಲ್ಲಿ ದೀರ್ಘಕಾಲದ ಕೀಲಿ ಇರದಿರಲಿ.

‘ಎಲ್ಲವೂ ಒಂದೇ ಪ್ರೋಗ್ರಾಮಿನ ಮೆಮೊರಿಯಲ್ಲಿ ಇರುವಾಗ ಈ ಮುಚ್ಚುಮರೆ ಬರೀ ನಾಟಕ’ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಅರ್ಧ ನಿಜ. ಇಡೀ ಪ್ರೋಗ್ರಾಮನ್ನೇ ವಶಪಡಿಸಿಕೊಂಡವರ ಮುಂದೆ ಕನ್‌ಸ್ಟ್ರಕ್ಟರಿನ ಶಿಸ್ತು ಯಾವ ಲೆಕ್ಕಕ್ಕೂ ಇಲ್ಲ, ಮೆಮೊರಿ ಜಾಲಾಡಿ ಪಾಸ್‌ವರ್ಡ್ ತೆಗೆಯುತ್ತಾರೆ. ಇಂಜೆಕ್ಷನ್ ಕೋಟೆಯ ಗೋಡೆ ಎಂದು ಯಾರಾದರೂ ಮಾರುತ್ತಿದ್ದರೆ ಕೊಳ್ಳಬೇಡಿ. ಅದು ಕಾಯುವುದು ಕೈತಪ್ಪುಗಳಿಂದ, ಮತ್ತು ಮೇಲೆ ಕಂಡ ಟೊಯೋಟಾ, ಊಬರ್ ಪ್ರಕರಣಗಳಲ್ಲಿ ಬಾಗಿಲು ತೆರೆದದ್ದು ಕೈತಪ್ಪುಗಳೇ. ಉಳಿದರ್ಧಕ್ಕೆ ಉತ್ತರ ಹಿಂದೆಯೇ ಬಂತು: ಬೇರೆಬೇರೆ ಡೇಟಾಬೇಸ್ ಯೂಸರುಗಳ ಮಿತಿಯನ್ನು ಕಾಯುವುದು ಪ್ರೋಗ್ರಾಮ್ ಅಲ್ಲ, ಡೇಟಾಬೇಸ್. ಭಾಗಗಳನ್ನು ಮುಂದೆ ಬೇರೆಬೇರೆ ಸರ್ವರಿಗೆ ಎತ್ತಿಟ್ಟ ದಿನ ಆ ಗೋಡೆ ನಿಜವಾದ ಗೋಡೆಯೇ ಆಗುತ್ತದೆ, ಆ ಭಾಗಗಳ ಒಳಗಿನ ಕೋಡನ್ನು ಹೆಚ್ಚು ಬದಲಿಸದೆ.

‘ಹಾಗಾದರೆ ಉಗ್ರಾಣದವರಿಗೆ ಬೀಗದ ಕೈ ಕೊಟ್ಟವರು ಯಾರು?’ ಇದು ಅತಿ ಕಷ್ಟದ ಪ್ರಶ್ನೆ. ಪಾಸ್‌ವರ್ಡ್‌ಗಳನ್ನೆಲ್ಲ 2015ರಲ್ಲಿ ಬಂದ ವಾಲ್ಟ್‌ನಂಥ ತಿಜೋರಿಯಲ್ಲಿಟ್ಟರೂ ತಿಜೋರಿ ತೆರೆಯಲು ಒಂದು ಕೀಲಿ ಬೇಕು, ಅದನ್ನು ಎಲ್ಲಿಡುವುದು? ಕೋಡಿನಲ್ಲಿ ಇಟ್ಟರೆ ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಬಂದೆವು. ಕ್ಲೌಡ್ ಕಂಪನಿಗಳು ಕೊಟ್ಟಿರುವ ಉತ್ತರ, ಕೀಲಿಯ ಬದಲು ಗುರುತು. ಅಮೆಜಾನ್ 2012ರಿಂದ ಹೀಗೆ ಮಾಡುತ್ತಿದೆ: ಸರ್ವರನ್ನು ನಡೆಸುತ್ತಿರುವವರೇ ತಾವಾದ್ದರಿಂದ ಅದು ಯಾರ ಸರ್ವರ್, ಅದಕ್ಕೆ ಏನು ಅಧಿಕಾರ ಎಂಬುದು ಅವರಿಗೆ ಗೊತ್ತು, ಕೆಲವು ಗಂಟೆ ಮಾತ್ರ ನಡೆಯುವ ತಾತ್ಕಾಲಿಕ ಕೀಲಿಯನ್ನು ಅವರೇ ಕೊಡುತ್ತಾರೆ. ಇದೂ ಪೂರ್ಣ ಅಲ್ಲ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಸುಮಾರು 10 ಕೋಟಿ ಅಮೆರಿಕನ್ನರ ಮತ್ತು 60 ಲಕ್ಷ ಕೆನಡಿಯನ್ನರ ಮಾಹಿತಿ ಹೋದದ್ದು ಇಂಥ ತಾತ್ಕಾಲಿಕ ಕೀಲಿಯನ್ನೇ ಉಪಾಯದಿಂದ ಹೊರಗೆಳೆದು. ಆದರೆ ಆ ಕೀಲಿಗೆ ಅಷ್ಟು ಬಾಗಿಲು ಯಾಕೆ ತೆರೆಯಿತು? ಅದು ಒಂದು ಫೈರ್‌ವಾಲಿಗೆ ಕೊಟ್ಟಿದ್ದ ಅಧಿಕಾರ. ಬಾಗಿಲು ಕಾಯುವವರಿಗೆ ಗ್ರಾಹಕರ ಅರ್ಜಿಗಳನ್ನು ಓದುವ ಅಧಿಕಾರ ಬೇಕಿರಲಿಲ್ಲ. ಕೀಲಿ ಕೊಡುವ ವಿಧಾನ ಎಷ್ಟೇ ಆಧುನಿಕವಾಗಿದ್ದರೂ ಅಳತೆ ಮೀರಿ ಕೊಟ್ಟರೆ ಹಳೆಯ ಕಥೆಯೇ.

ತಾತ್ಕಾಲಿಕ ಕೀಲಿಗಳ ಜೊತೆಗೆ ಇನ್ನೊಂದು ತಾಂತ್ರಿಕ ತೊಡಕು ಬರುತ್ತದೆ, ಒಳ್ಳೆಯ ಪ್ರೋಗ್ರಾಮರುಗಳೂ ಅಲ್ಲಿ ಜಾರುತ್ತಾರೆ. ಪ್ರೋಗ್ರಾಮ್ ಶುರುವಾದಾಗ ಪಾಸ್‌ವರ್ಡನ್ನು ಒಮ್ಮೆ ಓದಿ ಕನ್‌ಸ್ಟ್ರಕ್ಟರಿಗೆ ಕೊಟ್ಟು ಕೈತೊಳೆದುಕೊಂಡರೆ, ಸಂಜೆ ಆ ಪಾಸ್‌ವರ್ಡ್ ಬದಲಾದಾಗ ಒಳಗೆ ಉಳಿಯುವುದು ತಂಗಳು. ರಾತ್ರಿಯ ಬಟವಾಡೆ ನಿಲ್ಲುತ್ತದೆ, ಯಾರೋ ಎದ್ದು ಸರ್ವರ್ ರೀಸ್ಟಾರ್ಟ್ ಮಾಡುತ್ತಾರೆ, ಮರುದಿನ ‘ಪಾಸ್‌ವರ್ಡ್ ಬದಲಿಸುವ ಉಸಾಬರಿ ಬೇಡ’ ಎಂಬ ತೀರ್ಮಾನ ಆಗುತ್ತದೆ. ಇದಕ್ಕೂ ಪರಿಹಾರ ಅದೇ: ಪಾಸ್‌ವರ್ಡ್ ಕೊಡಬೇಡಿ, ಕೇಳಿದಾಗಲೆಲ್ಲ ತಾಜಾ ಸಂಪರ್ಕ ಕೊಡುವವರನ್ನು ಕೊಡಿ. ಜಾವಾದಲ್ಲಿ 2009ರಲ್ಲೇ ಬಂದ ಇಂಜೆಕ್ಷನ್ ಮಾನದಂಡದಲ್ಲಿ ಇದಕ್ಕೆಂದೇ ಪ್ರೊವೈಡರ್ ಎಂಬ ಇಂಟರ್‌ಫೇಸ್ ಇದೆ.

ಚಿಕ್ಕ ಕೆಲಸಕ್ಕೆ ಇದು ಅತಿಯಾಯಿತು ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಸ್ಪ್ರಿಂಗಿನ ಹತ್ತು ಅನೊಟೇಷನ್ ಹೊತ್ತು, ಯಾವ ವಸ್ತು ಎಲ್ಲಿಂದ ಬಂತು ಎಂದು ಬರೆದವರಿಗೇ ತಿಳಿಯದ ಕೋಡನ್ನು ನೋಡಿದರೆ ಯಾರಿಗಾದರೂ ಸಿಟ್ಟು ಬರಬೇಕು. ಆದರೆ ಫ್ರೇಮ್‌ವರ್ಕ್ ಬೇರೆ, ಪದ್ಧತಿ ಬೇರೆ. ಮೂವತ್ತು ಸಾಲಿನ ಪೈಥಾನ್ ಸ್ಕ್ರಿಪ್ಟಿನಲ್ಲಿ ಮೇಲ್ಗಡೆ ಒಂದು ಕಡೆ ಸಂಪರ್ಕ ತೆರೆದು ಅದನ್ನು ಫಂಕ್ಷನ್ನಿಗೆ ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಡಿಪೆಂಡೆನ್ಸಿ ಇಂಜೆಕ್ಷನ್ ಮುಗಿಯಿತು. ಅದಕ್ಕೆ ಬೇಕಾದದ್ದು ಎರಡು ನಿಮಿಷ. ಇನ್ನೊಂದು ಕಡೆ ನಮ್ಮ ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರಲ್ಲಿ ತಕ್ಕ ಸುರಕ್ಷತಾ ಕ್ರಮ ಕೈಗೊಳ್ಳದೆ ಜನರ ಮಾಹಿತಿ ಸೋರಲು ಬಿಟ್ಟವರಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಪಾಸ್‌ವರ್ಡನ್ನು ಕೋಡಿನಲ್ಲಿ ಬರೆದಿಟ್ಟು ತಕ್ಕ ಕ್ರಮ ಕೈಗೊಂಡಿದ್ದೆವು ಎಂದು ವಾದಿಸುವ ವಕೀಲರ ಸ್ಥಿತಿ ಯಾರಿಗೂ ಬೇಡ.

ನೀವು ಕೋಡು ಬರೆಯುವವರಾದರೆ ಇವತ್ತೇ ನಿಮ್ಮ ರಿಪಾಸಿಟರಿಯಲ್ಲಿ ‘ಪಾಸ್‌ವರ್ಡ್’ ಎಂಬ ಪದವನ್ನು ಒಮ್ಮೆ ಹುಡುಕಿ ನೋಡಿ. ಸಿಕ್ಕರೆ ಆ ಸಾಲನ್ನು ಅಳಿಸಲು ಓಡಬೇಡಿ, ಮೊದಲು ಡೇಟಾಬೇಸಿನಲ್ಲಿ ಆ ಪಾಸ್‌ವರ್ಡನ್ನೇ ಬದಲಿಸಿ. ಗಿಟ್ ಹಳೆಯ ಆವೃತ್ತಿಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ನೀವು ಅಳಿಸಿದ ಸಾಲು ಅಲ್ಲಿ ಇನ್ನೂ ಇರುತ್ತದೆ.